ಜೊಂಡನ್ನು ಹಾಳೆಗೆ ಇಳಿಸುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬೆಂಗಳೂರಿನ ಕೆರೆಗಳ ಜೊಂಡನ್ನು ಕಿತ್ತು, ಒಣಗಿಸಿ ಹರ್ಬೇರಿಯಂ ಹಾಳೆ (ಒತ್ತಿ ಒಣಗಿಸಿದ ಗಿಡವನ್ನು ವಿವರದ ಚೀಟಿಯೊಂದಿಗೆ ಅಂಟಿಸಿಟ್ಟ ಹಾಳೆ) ಮಾಡುವುದು ಹೇಗೆ, ಹಳೆಯ ಹಾಳೆಗಳಿಂದ ಏನು ತಿಳಿಯುತ್ತದೆ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ಮಾತು ಕೇಳಿದವನ್ನು ಸೇರಿಸಿ ಏಳು ಪ್ರಶ್ನೆ ಮಾಡಿಕೊಂಡಿದ್ದೇವೆ.

ಕೆರೆಯಂಚಿನ ಜೊಂಡಿನ ಫೋಟೊವನ್ನು ಮೊಬೈಲ್ ಆ್ಯಪ್‌ಗೆ ಹಾಕಿದರೆ ಒಮ್ಮೆ ಟೈಫಾ, ಒಮ್ಮೆ ಜುಂಕಸ್, ಇನ್ನೊಮ್ಮೆ ಸಿಪೆರಸ್ ಎನ್ನುತ್ತದೆ. ಯಾವುದನ್ನು ನಂಬಲಿ?
(ಯಲಹಂಕದ ಓದುಗರು)

ತಪ್ಪು ಆ್ಯಪ್‌ನದು ಮಾತ್ರವಲ್ಲ, ನಮ್ಮ ಮಾತಿನದೂ ಹೌದು. ನೀರಲ್ಲಿ ನಿಂತು ಉದ್ದಕ್ಕೆ ಬೆಳೆಯುವ ಯಾವ ಹಸಿರನ್ನೂ ನಾವು ಜೊಂಡು ಎಂದುಬಿಡುತ್ತೇವೆ. ಇಂಗ್ಲಿಷಿನವರೂ ಅಷ್ಟೇ, ಮೂರು ನಾಲ್ಕು ಬೇರೆ ಬೇರೆ ಕುಟುಂಬಗಳ ಗಿಡಗಳನ್ನು ಒಟ್ಟಿಗೆ 'ರಶ್' ಎಂದು ಕರೆದು ಕೈತೊಳೆದುಕೊಂಡಿದ್ದಾರೆ. ಕಾಂಡ ಮತ್ತು ಹೂಗೊನೆ ಕಾಣದ ಫೋಟೊ ಹಾಕಿದರೆ ಆ್ಯಪ್ ತಾನೇ ಏನು ಮಾಡೀತು.

ಮೊದಲು ಕಾಂಡವನ್ನು ಬೆರಳ ನಡುವೆ ಹೊರಳಿಸಿ ನೋಡಿ. ಮೂರು ಏಣು ಕೈಗೆ ಸಿಕ್ಕರೆ ಬಹುಮಟ್ಟಿಗೆ ಅದು ಜೇಕು, ತುಂಗೆಗಳ ಬಳಗ, ಅಂದರೆ ಸಿಪೆರೇಸಿ. ದುಂಡಗಿದ್ದು ತುದಿಯಲ್ಲಿ ಒಂದೇ ಪುಟ್ಟ ತೆನೆ ಇದ್ದು, ಒತ್ತಿದರೆ ಒಳಗಿನ ಅಡ್ಡಗೋಡೆಗಳು ಪಟಪಟ ಮುರಿದರೆ ಎಲಿಯೊಕ್ಯಾರಿಸ್. ಅದೂ ಸಿಪೆರೇಸಿಯೇ, ಏಣಿನ ಗುರುತಿಗೆ ಸಿಗದೆ ಜಾರಿಕೊಂಡದ್ದು. ದುಂಡು ಕಾಂಡದ ನಡುವೆಯೇ ಹೂಗೊಂಚಲು ಅಂಟಿಸಿದಂತಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ಒಂದು ಹೂ ಬಿಡಿಸಿ. ಆರು ಪುಟ್ಟ ಎಸಳು, ನಡುವೆ ಬೀಜ ತುಂಬಿದ ಡಬ್ಬಿಯಂಥ ಕಾಯಿ ಇದ್ದರೆ ಅದು ಜುಂಕಸ್, ನಿಜವಾದ ರಶ್. ಎಸಳೇ ಇಲ್ಲದೆ ಒಂದೊಂದು ಹೊಟ್ಟಿನ ಮರೆಯಲ್ಲಿ ಒಂದೊಂದೇ ಗಟ್ಟಿ ಕಾಳಿದ್ದರೆ ಸಿಪೆರೇಸಿ. ಕರ್ನಾಟಕದಲ್ಲಿ ಜುಂಕಸ್ ಹುಡುಕುವವರು ಪಶ್ಚಿಮಘಟ್ಟದ ತಂಪು ಜೌಗುಗಳತ್ತ ಹೋಗಬೇಕು.

ನೀವು ಕಳಿಸಿದ ಚಿತ್ರದಲ್ಲಿ ಕೋಲಿಗೆ ಕಂದು ಬತ್ತಿ ಸುತ್ತಿದಂಥ ತೆನೆ ಇದೆ, ಎಲೆ ಪಟ್ಟಿಯಂತೆ ನೆಟ್ಟಗೆ ಎದ್ದಿದೆ. ಇದು ಟೈಫಾ. ಆಪು, ಜಂಬು, ಜೊಂಡು ಎಂದು ಊರಿಗೊಂದು ಹೆಸರಿನಲ್ಲಿ ಕರೆಯುವುದು ಇದನ್ನೇ. ಮುಂದಿನ ಉತ್ತರಗಳಲ್ಲಿ ಜೊಂಡು ಎಂದರೆ ಇದೊಂದೇ.

ಎರಡೂವರೆ ಮೀಟರ್ ಗಿಡವನ್ನು ಒಂದು ಹಾಳೆಗೆ ಇಳಿಸುವುದು ಹೇಗೆ? ಮೂರು ಸಲ ಮಾಡಿ ಮೂರೂ ಸಲ ಕೆಟ್ಟಿತು. ಒಮ್ಮೆ ಬೂಸ್ಟು, ಒಮ್ಮೆ ಪೇಪರಿಗೆ ಅಂಟಿಕೊಂಡಿತು, ಕೊನೆಗೊಮ್ಮೆ ತೆನೆ ಒಡೆದು ಕೋಣೆ ತುಂಬ ಹತ್ತಿ ಹಾರಿತು.
(ಬಿಎಸ್ಸಿ ವಿದ್ಯಾರ್ಥಿನಿ, ಕೆಂಗೇರಿ)

ಮೂರೂ ಬೇರೆ ಬೇರೆ ತಪ್ಪು. ಕೊನೆಯದರಿಂದ ಶುರು ಮಾಡೋಣ, ಏಕೆಂದರೆ ಅದು ನಡೆದದ್ದು ಕೋಣೆಯಲ್ಲಲ್ಲ, ಕೆರೆಯಂಚಿನಲ್ಲೇ.

ಎಲ್ಲರೂ ಕೀಳುವುದು ಚಂದದ ಕಂದು ತೆನೆಯನ್ನು. ಅದು ಆಗಲೇ ಬಲಿತು ಬೀಜ ಕಟ್ಟಿದ ತೆನೆ. ಒಣಗುತ್ತ ಹೋದಂತೆ ಕಾಯಿಗಳಿಗೆ ಅಂಟಿದ ರೋಮ ಬಿಚ್ಚಿಕೊಳ್ಳುತ್ತದೆ, ತೆನೆ ಹಿಗ್ಗಿ ಸಿಡಿಯುತ್ತದೆ. ಒಂದು ತೆನೆಯಲ್ಲಿ ಲಕ್ಷಕ್ಕೂ ಮೀರಿ ಬೀಜ ಇರಬಲ್ಲವು, ಪ್ರೆಸ್ಸಿನ, ಅಂದರೆ ಗಿಡ ಒತ್ತುವ ಜೋಡಿ ಹಲಗೆಯ, ಹಗ್ಗ ಅದನ್ನು ತಡೆಯದು. ನಿಮಗೆ ಬೇಕಾದದ್ದು ಮೇಲಿನ ಗಂಡು ತೆನೆ ಹಳದಿ ಪರಾಗ ಉದುರಿಸುತ್ತಿರುವ, ಕೆಳಗಿನ ಹೆಣ್ಣು ತೆನೆ ಇನ್ನೂ ಹಸಿರು ಅಥವಾ ಹಸಿರುಗಂದು ಇರುವ ಗಿಡ. ಗಂಡು ತೆನೆ ಕೆಲವೇ ದಿನ ಇದ್ದು ಉದುರಿ ಬರಿ ಕಡ್ಡಿ ಉಳಿಯುತ್ತದೆ. ಹಾಗಾಗಿ ಒಂದೇ ಕೆರೆಗೆ ವಾರ ಬಿಟ್ಟು ಎರಡು ಮೂರು ಸಲ ಹೋಗಬೇಕಾದೀತು. ಬಲಿತ ತೆನೆಯೂ ಬೇಕೇ ಬೇಕೆಂದರೆ ಕೀಳುವ ಮೊದಲೇ ಮಲ್ಮಲ್ ಬಟ್ಟೆಯನ್ನು ಬಿಗಿಯಾಗಿ ಸುತ್ತಿ ದಾರ ಕಟ್ಟಿ. ಆ ಬಟ್ಟೆ ಹಾಳೆಯ ಮೇಲೂ ಹಾಗೇ ಇರಲಿ, ಬಿಚ್ಚಬೇಡಿ.

ಕೀಳುವಾಗ ಮಚ್ಚಿನಿಂದ ಮೇಲೆ ಕತ್ತರಿಸಿ ತಂದರೆ ಅರ್ಧ ಗಿಡ ಕೆರೆಯಲ್ಲೇ ಉಳಿಯಿತು. ಕೆಸರಿನಲ್ಲಿ ಅಡ್ಡಲಾಗಿ ಹರಿಯುವ ಗೆಡ್ಡೆಯ ಒಂದು ಗೇಣು, ಅದಕ್ಕಂಟಿದ ಬುಡ, ಎಲೆ, ತೆನೆ ಎಲ್ಲ ಒಂದೇ ಗಿಡದ್ದಾಗಿರಬೇಕು. ಕೆಸರನ್ನು ಅಲ್ಲೇ ತೊಳೆಯಿರಿ. ಒತ್ತುವ ಮೊದಲು ಹಸಿಯಲ್ಲೇ ಬರೆದುಕೊಳ್ಳಬೇಕಾದವು: ಗಿಡದ ಪೂರ್ತಿ ಎತ್ತರ, ಎಲೆಯ ಅತ್ಯಂತ ಅಗಲ, ಗಂಡು ತೆನೆಯ ಉದ್ದ, ಹೆಣ್ಣು ತೆನೆಯ ಉದ್ದ ಮತ್ತು ದಪ್ಪ, ಎರಡರ ನಡುವೆ ಬೋಳಾಗಿರುವ ಕಡ್ಡಿ ಎಷ್ಟು ಸೆಂಟಿಮೀಟರ್, ಹೆಣ್ಣು ತೆನೆಯ ಬಣ್ಣ. ಒತ್ತಿದ ಮೇಲೆ ದಪ್ಪವೂ ಬಣ್ಣವೂ ಕೈಗೆ ಸಿಗುವುದಿಲ್ಲ.

ಹಾಳೆಯ ಅಳತೆ ಸಾಮಾನ್ಯವಾಗಿ 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಅಷ್ಟರಲ್ಲಿ ಇಡೀ ಗಿಡ ಹಿಡಿಸುವ ಹಟ ಬೇಡ. ಆ ಗಿಡಕ್ಕೆ ನೀವು ಕೊಟ್ಟ ಒಂದೇ ಸಂಖ್ಯೆಯಡಿ ಮೂರು ಹಾಳೆ ಮಾಡಿ, 1/3, 2/3, 3/3 ಎಂದು ಬರೆಯಿರಿ. ಮೊದಲನೆಯದಕ್ಕೆ ಗೆಡ್ಡೆ ಮತ್ತು ಬುಡ. ಎರಡನೆಯದಕ್ಕೆ ಎಲೆ: ಒರೆ (ಕಾಂಡವನ್ನು ಸುತ್ತಿಕೊಂಡಿರುವ ಎಲೆಯ ಬುಡ) ಕಾಂಡವನ್ನು ಬಿಟ್ಟು ಎಲೆಪಟ್ಟಿಯಾಗುವ ಜಾಗದ ಮೇಲೂ ಕೆಳಗೂ ಸೇರಿ 30 ಸೆಂ.ಮೀ., ನಡುವಿನ ಒಂದು ತುಂಡು, ತುದಿಯ ಒಂದು ತುಂಡು. ಮೂರನೆಯದಕ್ಕೆ ತೆನೆ. ಎಲೆ ಮಡಚಲೇಬೇಕಾದರೆ ಇಂಗ್ಲಿಷ್ ಎನ್ ಅಕ್ಷರದಂತೆ ಚೂಪಾಗಿ ಮಡಚಿ, ಮಡಿಕೆಯ ಮೂಲೆಯನ್ನು ಸೀಳಿದ ಕಾಗದದ ಚೂರಿನೊಳಗೆ ತೂರಿಸಿ. ಇಲ್ಲದಿದ್ದರೆ ಪ್ರೆಸ್ ಬಿಚ್ಚಿದೊಡನೆ ಸ್ಪ್ರಿಂಗಿನ ಹಾಗೆ ಎದ್ದು ನಿಲ್ಲುತ್ತದೆ.

ಇನ್ನು ಬೂಸ್ಟು. ಜೊಂಡಿನ ಎಲೆಯನ್ನು ಅಡ್ಡ ಕತ್ತರಿಸಿ ನೋಡಿ, ಒಳಗೆ ಸಾಲು ಸಾಲು ಗಾಳಿಗೂಡು. ಮೇಲ್ಪದರ ಒಣಗಿದರೂ ಆ ಗೂಡುಗಳಲ್ಲಿ ನೀರು ಕೂತಿರುತ್ತದೆ. ಅದಕ್ಕೇ ಬುಡದ ದಪ್ಪ ಭಾಗವನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಮಾತ್ರ ಒತ್ತಬೇಕು. ಗೆಡ್ಡೆಯನ್ನೂ ಹಾಗೇ. ಹೆಣ್ಣು ತೆನೆಯನ್ನು ಹೊಸ ಬ್ಲೇಡಿನಿಂದ ಉದ್ದಕ್ಕೆ ಎರಡು ಮಾಡಿ ಕತ್ತರಿಸಿದ ಮುಖವನ್ನು ಕೆಳಗಿಟ್ಟು ಒತ್ತಿ. ಉಳಿದರ್ಧವನ್ನು ಎರಡನೇ ಪ್ರತಿಗೆ ಬಳಸಬಹುದು.

ಪೇಪರಿಗೆ ಅಂಟಿಕೊಂಡದ್ದು ಲೋಳೆಯಿಂದ. ಒರೆಯ ಒಳಮೈ ಲೋಳೆ ಸುರಿಸುತ್ತದೆ. ತೊಳೆದು, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ, ಆ ಭಾಗಕ್ಕೆ ಮಾತ್ರ ಎರಡೂ ಕಡೆ ಬೆಣ್ಣೆಕಾಗದ ಇಟ್ಟು ಆಮೇಲೆ ಪತ್ರಿಕೆಯ ನಡುವೆ ಇಡಿ. ಹೊಳಪಿನ ಪುರವಣಿ ಕಾಗದ ಬೇಡ, ಅದು ನೀರು ಹೀರುವುದಿಲ್ಲ.

ಕಾಗದ ಬದಲಿಸುವುದರಲ್ಲಿ ಸೋಮಾರಿತನ ಮಾಡಿದರೆ ಮೇಲಿನ ಯಾವುದೂ ಪ್ರಯೋಜನಕ್ಕೆ ಬಾರದು. ಮೊದಲ ಬದಲಾವಣೆ 12 ಗಂಟೆಯೊಳಗೆ. ಆಗಲೇ ಎಲೆ ಬಾಡಿ ಹೇಳಿದಂತೆ ಕೇಳುವುದರಿಂದ ತಿದ್ದಿ ಕೂರಿಸಲೂ ಅದೇ ಹೊತ್ತು. ಆಮೇಲೆ ದಿನಕ್ಕೊಮ್ಮೆಯಂತೆ ಐದು ದಿನ, ಮುಂದೆ ದಿನ ಬಿಟ್ಟು ದಿನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನ ಗಾಳಿಯಲ್ಲಿ ಇದು ಸಾಲದು. ರಟ್ಟಿನ ಪೆಟ್ಟಿಗೆಗಳ ಸುಕ್ಕು ಹಾಳೆ ಇದೆಯಲ್ಲ, ಅದನ್ನು ಪ್ರೆಸ್ ಅಳತೆಗೆ ಕತ್ತರಿಸಿ ಎರಡೆರಡು ಮಾದರಿಗೊಂದರಂತೆ ಇಡಿ. ಸುಕ್ಕಿನ ಕೊಳವೆಗಳು ಗಾಳಿ ಆಡುವ ದಿಕ್ಕಿಗಿರಲಿ. ಪ್ರೆಸ್ಸನ್ನು ಅಂಚಿನ ಮೇಲೆ ನಿಲ್ಲಿಸಿ ಕೆಳಗಿನಿಂದ 40ರಿಂದ 45 ಡಿಗ್ರಿ ಬಿಸಿಗಾಳಿ ಹಾಯುವಂತೆ ಮಾಡಿದರೆ ಎಲೆ ಮೂರು ದಿನದಲ್ಲಿ, ಬುಡ ಒಂದು ವಾರದಲ್ಲಿ ಒಣಗುತ್ತದೆ. ಒಲೆಯ ಮೇಲೆ, ಇಸ್ತ್ರಿಪೆಟ್ಟಿಗೆಯ ಕೆಳಗೆ ಅವಸರ ಮಾಡಿದರೆ ಎಲೆ ಕಂದಿ ಪುಡಿಯಾಗುತ್ತದೆ. ಒಣಗಿತೋ ಇಲ್ಲವೋ ನೋಡಲು ದಪ್ಪ ಭಾಗವನ್ನು ಕೆನ್ನೆಗೆ ಮುಟ್ಟಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ.

ಹಾಳೆಗೆ ಕೂರಿಸುವಾಗ ಎಲೆಗೆ ಫೆವಿಕಾಲ್ ತೆಳ್ಳಗೆ ಸಾಕು. ಗೆಡ್ಡೆಗೆ, ತೆನೆಗೆ ಸೂಜಿದಾರದ ಹೊಲಿಗೆಯೇ ಬೇಕು. ಸೆಲ್ಲೋಟೇಪ್ ಮಾತ್ರ ಬೇಡವೇ ಬೇಡ. ಕೆಲವೇ ವರ್ಷದಲ್ಲಿ ಹಳದಿಯಾಗಿ ಕಿತ್ತು ಬರುತ್ತದೆ, ಅಂಟು ಮಾತ್ರ ಹಾಳೆಯಲ್ಲೇ ಉಳಿದು ಧೂಳು ಹಿಡಿಯುತ್ತದೆ.

ನಮ್ಮಲ್ಲಿರುವ ಜೊಂಡು ಟೈಫಾ ಆಂಗಸ್ಟಿಫೋಲಿಯಾವೋ ಡೊಮಿಂಜೆನ್ಸಿಸ್ಸೋ? ಹಳೆಯ ಪುಸ್ತಕದಲ್ಲಿ ಆಂಗಸ್ಟೇಟಾ ಅಂತ ಇದೆ.
(ಇಬ್ಬರು ಸಸ್ಯಶಾಸ್ತ್ರ ಅಧ್ಯಾಪಕರು, ಬೆಂಗಳೂರು ಮತ್ತು ತುಮಕೂರು)

ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಹುಕರ್ ಬ್ರಿಟಿಷ್ ಇಂಡಿಯಾದ ಸಸ್ಯಗಳ ಕುರಿತ ತನ್ನ ಗ್ರಂಥದ ಆರನೇ ಸಂಪುಟದಲ್ಲಿ ನಮ್ಮ ಜೊಂಡಿಗೆ ಟೈಫಾ ಆಂಗಸ್ಟೇಟಾ ಎಂಬ ಹೆಸರು ಬಳಸಿದ. ಆ ಹೆಸರೀಗ ಟೈಫಾ ಡೊಮಿಂಜೆನ್ಸಿಸ್‌ನೊಳಗೆ ಲೀನವಾಗಿದೆ. ಇವೆರಡರ ಜೊತೆಗೆ ಆಂಗಸ್ಟಿಫೋಲಿಯಾ ಎಂಬ ಹೆಸರನ್ನೂ ನಮ್ಮಲ್ಲಿ ಧಾರಾಳವಾಗಿ ಬರೆದಿದ್ದಾರೆ. ಹಾಗಾಗಿ ದಾಖಲೆ ಹುಡುಕುವಾಗ ಮೂರೂ ಹೆಸರು ಹಾಕಬೇಕು, ಒಂದೇ ಹಾಕಿದರೆ ಹಾಳೆಗಳು ಕಳೆದುಹೋಗುತ್ತವೆ.

ಗುರುತಿಸುವ ಜಾಗ ತೆನೆಯಲ್ಲ, ಒರೆ. ಎಲೆಯ ಒರೆಯನ್ನು ಬಿಡಿಸಿ ಕಾಂಡದ ಕಡೆಗಿದ್ದ ಮುಖವನ್ನು ಬೆಳಕಿಗೆ ಹಿಡಿದು ಮಸೂರದಲ್ಲಿ ನೋಡಿ. ಕಂದು ಬಣ್ಣದ ಸಣ್ಣ ಚುಕ್ಕೆ, ಗೀಟುಗಳು ಕಾಣುತ್ತವೆ, ಅವೇ ಲೋಳೆ ಗ್ರಂಥಿಗಳು. ಆ ಚುಕ್ಕೆಗಳು ಒರೆಯನ್ನು ದಾಟಿ ಎಲೆಪಟ್ಟಿಯ ಒಳಮೈಗೂ ಹತ್ತಿದ್ದರೆ ಡೊಮಿಂಜೆನ್ಸಿಸ್. ಒರೆಯಲ್ಲೇ ನಿಂತುಬಿಟ್ಟಿದ್ದರೆ ಆಂಗಸ್ಟಿಫೋಲಿಯಾ. ಇದರ ಒರೆಯ ತುದಿಯಲ್ಲಿ ತೆಳುಪೊರೆಯ ಕಿವಿಯಂಥ ಎರಡು ಅಂಚು ಇರುವುದುಂಟು, ಡೊಮಿಂಜೆನ್ಸಿಸ್‌ನಲ್ಲಿ ಒರೆ ಮೆಲ್ಲಗೆ ಎಲೆಯೊಳಗೆ ಇಳಿಯುತ್ತದೆ. ತೆನೆಯ ಬಣ್ಣವೂ ನೆರವಿಗೆ ಬರುತ್ತದೆ: ಡೊಮಿಂಜೆನ್ಸಿಸ್‌ನದು ದಾಲ್ಚಿನ್ನಿ ಚಕ್ಕೆಯ ತಿಳಿಗಂದು, ಇನ್ನೊಂದರದು ಗಾಢ. ಗಂಡು ಹೆಣ್ಣು ತೆನೆಗಳ ನಡುವಿನ ಅಂತರ ಮಾತ್ರ ಈ ಎರಡನ್ನು ಬೇರೆ ಮಾಡಲು ಸಾಲದು, ಎರಡರಲ್ಲೂ ಅಂತರ ಇರುತ್ತದೆ.

ಎಲೆಯ ಬುಡ ಮುಮ್ಮೂಲೆಯಾಗಿದ್ದು ಗಿಡ ಆನೆಯೆತ್ತರ ಇದ್ದರೆ ಟೈಫಾ ಎಲಿಫಂಟೈನಾ ಇರಬಹುದೇ ಎಂದು ನೋಡಿ. ಅದರ ಪರಾಗ ನಾಲ್ಕು ನಾಲ್ಕು ಅಂಟಿಕೊಂಡಿರುತ್ತದೆ, ಮೇಲಿನೆರಡರಲ್ಲಿ ಒಂಟೊಂಟಿ. ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕ ಸಾಕು. ಈ ಕಾರಣಕ್ಕೇ ಚಿಟಿಕೆ ಪರಾಗವನ್ನು ಬೆಣ್ಣೆಕಾಗದದಲ್ಲಿ ಮಡಚಿ ಹಾಳೆಗೆ ಅಂಟಿಸಿದ ಪುಟ್ಟ ಲಕೋಟೆಯಲ್ಲಿ ಇಡಬೇಕೆನ್ನುವುದು. ಒರೆಯ ಸಂಧಿಯಿಲ್ಲದ, ಪರಾಗವಿಲ್ಲದ ಹಾಳೆಗೆ 'ಟೈಫಾ ಜಾತಿ' ಎಂದಷ್ಟೇ ಬರೆಯುವುದು ಪ್ರಾಮಾಣಿಕತೆ.

ನಮ್ಮ ಕಾಲೇಜಿನ ಬೀರುವಿನಲ್ಲಿ 'ಟೈಫಾ ಆಂಗಸ್ಟೇಟಾ, ಬೆಂಗಳೂರು' ಎಂದಷ್ಟೇ ಬರೆದ ಹಳೆಯ ಹಾಳೆ ಸಿಕ್ಕಿದೆ. ಸರಿಯಾದ ಹೆಸರು ಬರೆದು ನಕ್ಷೆಯಲ್ಲಿ ಗುರುತಿಸಬಹುದೇ?

ಹಳೆಯ ಚೀಟಿಯ ಮೇಲೆ ಒಂದು ಚುಕ್ಕೆಯನ್ನೂ ಇಡಬೇಡಿ. ತಪ್ಪೇ ಇದ್ದರೂ ಅದು ಆ ದಿನದ ಸಾಕ್ಷಿ. ಹೊಸ ಹೆಸರು, ನಿಮ್ಮ ಹೆಸರು, ದಿನಾಂಕ, ಯಾವ ಲಕ್ಷಣ ನೋಡಿ ನಿರ್ಧರಿಸಿದಿರಿ ಎಂಬುದನ್ನು ಬೇರೆ ಸಣ್ಣ ಚೀಟಿಯಲ್ಲಿ ಬರೆದು ಹಳೆಯದರ ಮೇಲ್ಗಡೆ ಅಂಟಿಸಿ. ಪೆನ್ಸಿಲ್ ಅಥವಾ ಮಾಸದ ಶಾಯಿ ಮಾತ್ರ, ಬಾಲ್‌ಪೆನ್ನು ಹರಡುತ್ತದೆ.

ನಕ್ಷೆಯ ವಿಷಯಕ್ಕೆ ಎಚ್ಚರ ಬೇಕು. ಬರಿ 'ಬೆಂಗಳೂರು' ಎಂಬ ಮಾತಿಗೆ ಕಂಪ್ಯೂಟರು ತಾನಾಗಿಯೇ 12.97, 77.59 ಎಂಬ ಬಿಂದು ಕೊಟ್ಟುಬಿಡುತ್ತದೆ. ಆ ಬಿಂದು ಬೀಳುವುದು ಕಬ್ಬನ್ ಪಾರ್ಕಿನ ಆಸುಪಾಸಿನಲ್ಲಿ, ಹಿಂದೆ ಸಂಪಂಗಿ ಕೆರೆಯಿದ್ದು ಈಗ ಕಂಠೀರವ ಕ್ರೀಡಾಂಗಣ ನಿಂತಿರುವ ಜಾಗಕ್ಕೆ ಕೂಗಳತೆಯಲ್ಲಿ. ನೋಡಿದವರು 'ಓಹೋ, ಸಂಪಂಗಿ ಕೆರೆಯ ಜೊಂಡು' ಎಂದು ನಂಬಿ ಲೇಖನವನ್ನೇ ಬರೆದುಬಿಡಬಹುದು. ಆ ಗಿಡ ಸಂಪಂಗಿ ಕೆರೆಯದ್ದಾಗಿರಬಹುದು, ಧರ್ಮಾಂಬುಧಿಯದ್ದೂ ಆಗಿರಬಹುದು, ಹಲಸೂರಿನದ್ದೂ ಆಗಿರಬಹುದು. ಬಿಂದುವಿನ ಜೊತೆಗೆ ಅನಿಶ್ಚಿತತೆಯ ತ್ರಿಜ್ಯವನ್ನೂ ಕೊಡಿ. ಬರಿ 'ಬೆಂಗಳೂರು' ಎಂದಿದ್ದರೆ ಆ ಕಾಲದ ಊರಿನ ಗಡಿ ಪೂರ್ತಿ ಒಳಗೆ ಬರುವಷ್ಟು ದೊಡ್ಡ ವೃತ್ತ. ಪೇಟೆ ಮತ್ತು ದಂಡು 1949ರಲ್ಲಿ ಒಂದೇ ನಗರಪಾಲಿಕೆಯಡಿ ಬಂದವು. ಅದಕ್ಕೆ ಹಿಂದಿನ ಚೀಟಿಯಲ್ಲಿ ದಂಡು ಎಂದು ಸ್ಪಷ್ಟವಾಗಿದ್ದರೆ ವೃತ್ತ ಅರ್ಧಕ್ಕೆ ಇಳಿಯುತ್ತದೆ.

ಸಂಗ್ರಾಹಕರ ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು. ಅದೇ ಕೈಬರಹದ ಹಿಂದಿನ, ಮುಂದಿನ ಸಂಖ್ಯೆಯ ಹಾಳೆಗಳನ್ನು ಹುಡುಕಿ. ಒಂದೇ ದಿನ ಓಡಾಡಿದ ದಾರಿ ಅವುಗಳಲ್ಲಿ ಸಿಗುತ್ತದೆ, ಹಿಂದಿನ ಸಂಖ್ಯೆಯ ಚೀಟಿಯಲ್ಲಿ ಕೆರೆಯ ಹೆಸರು ಇರುವುದೂ ಉಂಟು. ಸಂಗ್ರಾಹಕರ ಸಂಖ್ಯೆಯನ್ನೂ ಸಂಗ್ರಹಾಲಯ ಹಾಕಿದ ದಾಖಲು ಸಂಖ್ಯೆಯನ್ನೂ ಕಲಸಿಕೊಳ್ಳಬೇಡಿ. ಮೊದಲನೆಯದು ಗಿಡ ಕಿತ್ತವರದ್ದು, ಎರಡನೆಯದು ಬೀರುವಿನದ್ದು.

ಬೆಂಗಳೂರಿನ ಜೊಂಡಿನ ಹಳೆಯ ಹಾಳೆಗಳು ಅಂತರಜಾಲದಲ್ಲಿ ಬೆರಳೆಣಿಕೆಯಷ್ಟೇ ಸಿಕ್ಕವು. ಅಂದರೆ ಹಿಂದೆ ಕೆರೆಗಳಲ್ಲಿ ಜೊಂಡು ಕಡಿಮೆಯಿತ್ತು, ಕೊಳಚೆ ನೀರು ಬಂದ ಮೇಲೆ ಹೆಚ್ಚಾಯಿತು ಎನ್ನಬಹುದಲ್ಲವೇ?
(ಕೆರೆ ಸಮಿತಿಯೊಂದರ ಸದಸ್ಯರು, ಬೆಂಗಳೂರು ಉತ್ತರ)

ಎರಡನೇ ಅರ್ಧಕ್ಕೆ ಒಳ್ಳೆಯ ಕಾರಣಗಳಿವೆ, ಆದರೆ ನೀವು ಕೊಟ್ಟ ಪುರಾವೆ ಅದನ್ನು ಹೊರಲಾರದು.

ಸಸ್ಯ ಸಂಗ್ರಹಿಸುವವರ ಸ್ವಭಾವ ಗೊತ್ತಿದ್ದರೆ ಹಾಳೆಯ ಲೆಕ್ಕ ನಂಬುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಅಪರೂಪದ ಆರ್ಕಿಡ್ ಕಂಡರೆ ಐದು ಹಾಳೆ, ಕಣ್ಣೆದುರಿನ ಜೊಂಡಿಗೆ ಒಂದೂ ಇಲ್ಲ. ಜೊಂಡಿಗೆ ಇನ್ನೂ ಎರಡು ಶಾಪಗಳಿವೆ. ನಿಂತಿರುವುದು ಕೆಸರಲ್ಲಿ, ಒಣಗಿಸುವುದು ತಾಪತ್ರಯ. ತಾಳೆ, ಕತ್ತಾಳೆ, ಬಿದಿರು, ಪಾಪಸುಕಳ್ಳಿಗಳಿಗೂ ಹರ್ಬೇರಿಯಂಗಳಲ್ಲಿ ಇದೇ ಗತಿ, ಎಲ್ಲೆಲ್ಲೂ ಇವೆ, ಹಾಳೆಯಲ್ಲಿ ಇಲ್ಲ. ಕೆಂಗೇರಿಯ ವಿದ್ಯಾರ್ಥಿನಿಯ ಮೂರು ಕೆಟ್ಟ ಹಾಳೆಗಳನ್ನೂ ಯಾರೂ ದಾಖಲೆಗೆ ಸೇರಿಸುವುದಿಲ್ಲ ಎಂಬುದನ್ನು ನೆನಪಿಡಿ.

ಹುಡುಕಿದ್ದು ಎಲ್ಲಿ ಎಂಬುದೂ ಮುಖ್ಯ. ಜಿಬಿಐಎಫ್ ಎಂಬ ಜಾಗತಿಕ ದತ್ತಸಂಚಯದಲ್ಲಿ ಕಾಣುವುದು ಗಣಕಕ್ಕೆ ಏರಿಸಿದ ಹಾಳೆಗಳು ಮಾತ್ರ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿರುವ ಹರ್ಬೇರಿಯಂ, ಯಲಹಂಕ ಕಡೆಯ ಎಫ್‌ಆರ್‌ಎಲ್‌ಎಚ್ ಎಂಬ ಔಷಧಿ ಸಸ್ಯಗಳ ಸಂಸ್ಥೆಯ ಹರ್ಬೇರಿಯಂ, ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂ, ಹೌರಾದ ಕೇಂದ್ರ ರಾಷ್ಟ್ರೀಯ ಹರ್ಬೇರಿಯಂ ಇವನ್ನು ಬೇರೆಬೇರೆಯಾಗಿಯೇ ವಿಚಾರಿಸಬೇಕು. ಮೊದಲನೆಯದರ ಸಂಕೇತಾಕ್ಷರ ಜೆಸಿಬಿ. ಕೆರೆಯ ಕೆಲಸ ಮಾಡುವವರಿಗೆ ಆ ಹೆಸರಲ್ಲಿ ಹೂಳೆತ್ತುವ ಯಂತ್ರವೇ ನೆನಪಾದೀತು. ಇದು ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಸೆಸಿಲ್ ಸಲ್ಡಾನ ಅವರು ಕಟ್ಟಿದ ಸಂಗ್ರಹದಿಂದ ಬಂದ ಅಕ್ಷರಗಳು. ರಾಮಸ್ವಾಮಿ ಮತ್ತು ರಝಿ ಅವರು 1973ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಸಸ್ಯಗಳ ಪುಸ್ತಕವನ್ನೂ ತೆರೆದು ನೋಡಿ.

ಇಷ್ಟಾದ ಮೇಲೆ ಲೆಕ್ಕ ಹಾಕುವ ಕ್ರಮ ಹೀಗಿರಲಿ. ಮೊದಲು ಪ್ರತಿಗಳನ್ನು ಕಳೆಯಿರಿ. ಒಬ್ಬರೇ ಒಂದೇ ಸಂಖ್ಯೆಯಡಿ ಕಿತ್ತ ಗಿಡದ ಮೂರು ಪ್ರತಿ ಮೂರು ಊರಿನಲ್ಲಿದ್ದರೆ ಅದು ಒಂದೇ ದಾಖಲೆ. ಆಮೇಲೆ ಜೊಂಡನ್ನು ಒಂಟಿಯಾಗಿ ಎಣಿಸದೆ, ಅದೇ ದಶಕದಲ್ಲಿ ಅದೇ ಪ್ರದೇಶದಿಂದ ಬಂದ ಜೌಗು ಸಸ್ಯಗಳ ಒಟ್ಟು ಹಾಳೆಗಳಿಗೆ ಹೋಲಿಸಿ. ಒಂದು ದಶಕದಲ್ಲಿ ನಲವತ್ತು ಜೇಕಿನ ಹಾಳೆಗಳಿದ್ದು ಜೊಂಡು ಸೊನ್ನೆ ಎಂದುಕೊಳ್ಳಿ. ಸಂಗ್ರಾಹಕರು ನೀರಿಗಿಳಿದಿದ್ದರು, ಆದರೂ ಜೊಂಡು ತರಲಿಲ್ಲ ಎಂಬಷ್ಟು ಮಾತು ಹೇಳಬಹುದು. ಜೇಕೂ ಸೊನ್ನೆ ಇದ್ದರೆ ಆ ದಶಕದಲ್ಲಿ ಕೆರೆಗೇ ಯಾರೂ ಹೋಗಿಲ್ಲ, ಜೊಂಡಿನ ಬಗ್ಗೆ ಬಾಯಿ ಬಿಡುವಂತಿಲ್ಲ.

ಹೆಚ್ಚಳದ ಕಾರಣವನ್ನು ಗಿಡದ ಬದುಕಿನಲ್ಲೇ ನೋಡಬಹುದು. ನಮ್ಮ ಕೆರೆಗಳು ಮಳೆನೀರಿನವು, ಬೇಸಿಗೆಗೆ ಅಂಗಳ ಒಣಗಿ ಬಿರುಕು ಬಿಡುತ್ತಿತ್ತು. ರಾಜಕಾಲುವೆಯಲ್ಲಿ ಕೊಳಚೆ ನೀರು ವರ್ಷವಿಡೀ ಹರಿದ ಮೇಲೆ ಒಣಗುವ ಮಾತಿಲ್ಲ. ಜೊತೆಗೆ ಸಾರಜನಕ, ರಂಜಕ ಬರುತ್ತವೆ, ಹೂಳು ತುಂಬಿ ಆಳ ಕಡಿಮೆಯಾಗುತ್ತದೆ. ಜೊಂಡಿಗೆ ಇದಕ್ಕಿಂತ ಹಬ್ಬದೂಟ ಬೇರಿಲ್ಲ. ಬೀಜ ಮೊಳೆಯುವುದು ಒದ್ದೆ ಕೆಸರಿನಲ್ಲಿ, ತೆಳು ನೀರಿನಲ್ಲಿ. ಒಮ್ಮೆ ಊರಿದರೆ ಗೆಡ್ಡೆಯಿಂದಲೇ ಹರಡುತ್ತದೆ. ಒಂದೂವರೆ ಮೀಟರ್‌ಗಿಂತ ಆಳ ನಿಂತ ನೀರಿಗೆ ಅದು ಸಾಮಾನ್ಯವಾಗಿ ಕಾಲಿಡದು. ಹೀಗಾಗಿ ಜೊಂಡಿನ ಅಂಚು ಎಂದರೆ ಆ ಕೆರೆಯ ಆಳದ ಗೆರೆ. ಹಳೆಯ ಹಾಳೆಯ ಚೀಟಿಯಲ್ಲಿ 'ಕೋಡಿಯ ಬಳಿ, ಮೊಣಕಾಲುದ್ದ ನೀರಿನಲ್ಲಿ' ಎಂದು ಯಾರಾದರೂ ಬರೆದಿದ್ದರೆ ಅದು ನೂರು ಬರಿಯ 'ಬೆಂಗಳೂರು'ಗಳಿಗೆ ಸಮ. ಹಾಗೆ ಬರೆದವರು ಕಡಿಮೆ, ಅದೇ ನಮ್ಮ ಬೇಸರ.

ನಿಮ್ಮ ಕೆರೆಗೆ ಇಂದಿನಿಂದ ದಾಖಲೆ ಶುರುಮಾಡಿ. ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆ ನಿಂತ ಮೇಲೆ, ಎರಡು ಜಾಗದಿಂದ: ಕಾಲುವೆ ಕೆರೆಗೆ ಸೇರುವ ಬಾಯಿ ಮತ್ತು ಏರಿಯ ತೂಬಿನ ಬಳಿ. ಪ್ರತಿ ಸಲವೂ ಎರಡು ಪ್ರತಿ, ಒಂದು ನಿಮಗೆ, ಒಂದು ಮಾನ್ಯತೆಯಿರುವ ಹರ್ಬೇರಿಯಂಗೆ. ಚೀಟಿಯಲ್ಲಿ ಇರಬೇಕಾದ ಬರಹ ಈ ಬಗೆಯದು:

'ಏರಿಯ ಎರಡನೇ ತೂಬಿನಿಂದ ಪಶ್ಚಿಮಕ್ಕೆ 40 ಮೀ., ದಡದಿಂದ 6 ಮೀ. ಒಳಗೆ. ನೀರಿನ ಆಳ 35 ಸೆಂ.ಮೀ., ಅದರ ಕೆಳಗೆ ಕಪ್ಪು ಹೂಳು 50 ಸೆಂ.ಮೀ.ಗೂ ಹೆಚ್ಚು. ಜೊಂಡಿನ ಪಟ್ಟಿಯ ಅಗಲ ಸುಮಾರು 15 ಮೀ., ನಡುನಡುವೆ ಹೊನಗೊನೆ. ಗಿಡದ ಎತ್ತರ 2.4 ಮೀ. ಗಂಡು ತೆನೆ ಪರಾಗ ಬಿಡುತ್ತಿದೆ, ಹೆಣ್ಣು ತೆನೆ ಹಸಿರುಗಂದು.'

ಇದರ ಜೊತೆಗೆ ದಿನಾಂಕ, ಕಿತ್ತವರ ಹೆಸರು, ಸಂಖ್ಯೆ, ದಶಾಂಶದ ಐದು ಸ್ಥಾನದವರೆಗೆ ಅಕ್ಷಾಂಶ ರೇಖಾಂಶ, ಮೊಬೈಲು ತೋರಿಸಿದ ನಿಖರತೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 5-6 ಎಂದರೆ ಮೇ ಆರೋ ಜೂನ್ ಐದೋ ಎಂದು ಮುಂದಿನವರು ತಲೆ ಕೆರೆದುಕೊಳ್ಳುತ್ತಾರೆ. ಜಕ್ಕೂರಿನಂತೆ ಶುದ್ಧೀಕರಣ ಘಟಕದ ನೀರು ಜೊಂಡಿನ ಜೌಗಿನ ಮೂಲಕ ಹಾದು ಕೆರೆಗೆ ಸೇರುವ ಕಡೆ, ಮಾದರಿ ಜೌಗಿನದ್ದೋ ಕೆರೆಯದ್ದೋ ಎಂಬುದನ್ನು ತಪ್ಪದೆ ಬರೆಯಬೇಕು.

ಕೀಳಲು ಕೆರೆಯ ಉಸ್ತುವಾರಿ ಇರುವವರ ಲಿಖಿತ ಒಪ್ಪಿಗೆ ಪಡೆಯಿರಿ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿ ಸಂರಕ್ಷಣಾ ಮೀಸಲು, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ಜಂಬುಕೋಳಿ ಗೂಡು ಕಟ್ಟಿರುವ ಕಡೆ ಕೈಹಾಕಬೇಡಿ. ಒಬ್ಬರೇ ನೀರಿಗಿಳಿಯಬೇಡಿ. ಮುಂದೆ ಗಳ ಊರಿ ಹೂಳಿನ ಆಳ ನೋಡಿಕೊಂಡೇ ಹೆಜ್ಜೆಯಿಡಿ. ಮೊಣಕೈವರೆಗೆ ರಬ್ಬರ್ ಗ್ಲೌಸು, ಗಮ್‌ಬೂಟು ಇರಲಿ. ಕೆಸರು ಕಲಕಿದಾಗ ಕೊಳೆತ ಮೊಟ್ಟೆಯ ನಾತ ಎದ್ದರೆ ಹಿಂದೆ ಬನ್ನಿ, ಅದು ಹೈಡ್ರೋಜನ್ ಸಲ್ಫೈಡ್.

ಹಳೆಯ ಜೊಂಡಿನ ಹಾಳೆಯಿಂದ ಚೂರು ಕತ್ತರಿಸಿ ಸೀಸ, ಪಾದರಸ ಅಳೆದು ಆಗಿನ ಕೆರೆಯ ಮಾಲಿನ್ಯ ಹೇಳಬಹುದೇ?
(ಎಂಎಸ್ಸಿ ವಿದ್ಯಾರ್ಥಿ)

ಪಾದರಸದ ಆಸೆ ಬಿಡಿ. ಹುಳು ಹಿಡಿಯದಿರಲೆಂದು ಹಳೆಯ ಹಾಳೆಗಳನ್ನು ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದುವ ಪದ್ಧತಿಯಿತ್ತು. ನೀವು ಅಳೆಯುವುದು ಕೆರೆಯನ್ನಲ್ಲ, ಆ ಬಟ್ಟಲನ್ನು. ಅಂಥ ಹಾಳೆ ಮುಟ್ಟುವಾಗ ಗ್ಲೌಸು ಹಾಕಿ, ಬರಿಗೈಯಲ್ಲಿ ಮುಟ್ಟಿ ಊಟಕ್ಕೆ ಕೂರಬೇಡಿ. ಸೀಸವನ್ನು ಅಳೆಯಬಹುದು, ಆದರೆ ಜೊಂಡು ಲೋಹವನ್ನು ಹೆಚ್ಚಾಗಿ ಬೇರು ಗೆಡ್ಡೆಗಳಲ್ಲಿ ಕಟ್ಟಿಡುತ್ತದೆ, ಹಳೆಯ ಹಾಳೆಗಳಲ್ಲಿ ಇರುವುದು ಎಲೆ ಮತ್ತು ತೆನೆ. ಎಲೆಯ ಮೇಲೆ ಕೂತ ರಸ್ತೆಯ ಧೂಳಿನ ಸೀಸವೂ ಲೆಕ್ಕಕ್ಕೆ ಬರುತ್ತದೆ. ಚೂರು ಕತ್ತರಿಸಲು ಸಂಗ್ರಹಾಲಯದ ಒಪ್ಪಿಗೆ ಕಡ್ಡಾಯ, ಕತ್ತರಿಸಿದ್ದನ್ನು ಹಾಳೆಯ ಮೇಲೆ ಬರೆದಿಡುವುದೂ ಕಡ್ಡಾಯ.

ಮುಂದಿನವರಿಗೆ ಈ ಕಷ್ಟ ಬೇಡವೆಂದರೆ ಇಂದು ಕೀಳುವಾಗಲೇ ಒಂದು ತುಂಡು ಗೆಡ್ಡೆಯನ್ನು ಯಾವ ರಾಸಾಯನಿಕವೂ ತಾಗದಂತೆ ಒಣಗಿಸಿ ಅದೇ ಸಂಖ್ಯೆಯಲ್ಲಿ ಬೇರೆ ಇಡಿ. ಡಿಎನ್‌ಎಗೆ ಎಳೆಯ ಎಲೆಯ ಎರಡು ಮೂರು ಸೆಂಟಿಮೀಟರ್ ಚೂರನ್ನು ಅದರ ಹತ್ತು ಪಟ್ಟು ತೂಕದ ಸಿಲಿಕಾ ಜೆಲ್‌ನಲ್ಲಿ ಹಾಕಿ ಬಿಗಿ ಮುಚ್ಚಳ ಹಾಕಿಡಿ. ಹೊರದೇಶದ ಪ್ರಯೋಗಾಲಯಕ್ಕೆ ಕಳಿಸುವ ಯೋಚನೆಯಿದ್ದರೆ 2002ರ ಜೀವವೈವಿಧ್ಯ ಕಾಯ್ದೆಯ ನಿಯಮ ಮೊದಲು ನೋಡಿಕೊಳ್ಳಿ.

ಹಾಳೆಗಳ ನಡುವೆ ನುಸಿಗುಳಿಗೆ ಇಟ್ಟರೆ ಸಾಕೇ? ಜೊಂಡಿನ ಹಾಳೆಗಳಿಗೇ ಹುಳು ಜಾಸ್ತಿ.

ಸಾಲದು. ಪರಾಗ ಮತ್ತು ಪಿಷ್ಟ ತುಂಬಿದ ಗೆಡ್ಡೆ ಸಿಗರೇಟ್ ದುಂಬಿಗೆ ಇಷ್ಟದ ತಿಂಡಿ, ನುಸಿಗುಳಿಗೆಯ ವಾಸನೆ ಅದನ್ನು ದೂರ ಇಡಬಹುದು, ಒಳಗಿರುವ ಮೊಟ್ಟೆಯನ್ನು ಕೊಲ್ಲದು. ಹಾಳೆಗಳನ್ನು ಗಟ್ಟಿ ಪಾಲಿಥಿನ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಮನೆಯ ಫ್ರಿಜ್ಜಿನ ಐಸ್ ಖಾನೆ ಅಷ್ಟು ತಣ್ಣಗಾಗುವುದು ಅನುಮಾನ, ಡೀಪ್ ಫ್ರೀಜರ್ ಬೇಕು. ಹೊರತೆಗೆದ ಕೂಡಲೆ ಚೀಲ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಒಂದು ದಿನ ಬಿಡಿ, ಇಲ್ಲವಾದರೆ ತಣ್ಣನೆಯ ಹಾಳೆಯ ಮೇಲೆ ನೀರು ಕೂತು ಒಣಗಿಸಿದ ಶ್ರಮವೆಲ್ಲ ಮತ್ತೆ ಬೂಸ್ಟಿಗೆ ಹೋಗುತ್ತದೆ. ಹಾಳೆಯ ಕೆಳಗೆ ಕಂದು ಪುಡಿ ಉದುರಿದ್ದು ಕಂಡ ದಿನವೇ ಇಡೀ ಕಟ್ಟನ್ನು ಫ್ರೀಜರಿಗೆ ಹಾಕಿ.